ಡೆಸ್ ಪ್ಲೇನ್ಸಿನ ಟೇಲರ್ ಭಾನು

ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸಿನಲ್ಲಿ ಒಂದು ಡೋನಟ್ ಅಂಗಡಿಗೂ ಒಂದು ಹಲ್ಲಿನ ಆಸ್ಪತ್ರೆಗೂ ನಡುವೆ ಮಿಸೆಸ್ ಯೂನ್ ಎಂಬ ಕೊರಿಯನ್ ಹೆಂಗಸಿನ, ಬಟ್ಟೆ ಸರಿಪಡಿಸಿಕೊಡುವ ಆಲ್ಟರೇಷನ್ ಅಂಗಡಿ ಇತ್ತು. ಓಹೇರ್ ವಿಮಾನ ನಿಲ್ದಾಣ ಹತ್ತಿರವಿದ್ದದ್ದರಿಂದ ಅಲ್ಲಿಗೆ ಬರುತ್ತಿದ್ದ ಬಟ್ಟೆಗಳಲ್ಲಿ ಅರ್ಧಕ್ಕರ್ಧ ಯೂನಿಫಾರಂಗಳೇ. ಪೈಲಟ್‌ಗಳ ಪ್ಯಾಂಟು, ಗಗನಸಖಿಯರ ಸ್ಕರ್ಟು, ಲಗೇಜು ಏರಿಸುವವರ ದಪ್ಪ ಜಾಕೆಟ್ಟು. ಭಾನು ಆ ಅಂಗಡಿಯಲ್ಲಿ ಒಂಬತ್ತು ವರ್ಷ ಹೊಲಿದಳು. ನಾನು ಮೈಸೂರಿನವಳು. ಅಲ್ಲೇ ಹತ್ತಿರದ ಶಾಮ್‌ಬರ್ಗಿನಲ್ಲಿ ಅವಳ ಮನೆಯ ಮೇಲಿನ ಅಪಾರ್ಟ್‌ಮೆಂಟ್ ನಮ್ಮದು. ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವನ್ನು ನಾನೇ ಕಂಡೆ, ಮಿಕ್ಕದ್ದನ್ನು ಅವಳು ಹೇಳಿದಳು.

ಭಾನುವಿನ ಊರು ಗದಗ-ಬೆಟಗೇರಿ. ಅಪ್ಪ ತೀರಿಕೊಂಡಾಗ ಅವಳಿಗೆ ಹದಿನೇಳು, ತಂಗಿ ವರ್ಷಾಳಿಗೆ ಹತ್ತು. ಭಾನು ಪಿಯುಸಿ ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತಳು. ಓಣಿಯ ಹೆಂಗಸರ ಜಂಪರು, ಅಂದರೆ ರವಿಕೆಗಳಿಂದ ಶುರುವಾದದ್ದು, ನಾಲ್ಕಾರು ವರ್ಷಗಳಲ್ಲಿ ಊರಿನ ಮದುವೆಗಳೆಲ್ಲ ಅವಳ ಕೈಗೆ ಬರುವಷ್ಟಾಯಿತು. ಅವ್ವನೂ ಸೇರಿ ಮೂವರ ಮನೆ ಆ ಹೊಲಿಗೆಯಲ್ಲೇ ನಡೆಯಿತು. ವರ್ಷಾ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದಳು, ರ‍್ಯಾಂಕ್ ಬಂದಳು. ಅವಳ ಓದು ಮುಗಿದ ಮರುವರ್ಷ ಭಾನು ಸೋದರಮಾವನ ಮಗ ಈರೇಶನನ್ನು ಮದುವೆಯಾಗಿ ಶಿಕಾಗೋಕ್ಕೆ ಬಂದಳು. ಆಗ ಅವಳಿಗೆ ಇಪ್ಪತ್ತೊಂಬತ್ತು.

ಈರೇಶ ಐಟಿಯಲ್ಲಿದ್ದ. ಅವನ ವೀಸಾದ ಮೇಲೆ ಬಂದ ಭಾನು ಆರು ವರ್ಷ ಕೆಲಸ ಮಾಡುವಂತಿರಲಿಲ್ಲ. ಹನ್ನೆರಡು ವರ್ಷ ಬಿಡುವಿಲ್ಲದೆ ಓಡಿದ ಕೈ ಖಾಲಿ ಕೂತಿತು. ಮಗಳು ಇಳಾ ಹುಟ್ಟಿದಳು. ಕಡೆಗೆ ಕೆಲಸದ ಪರ್ಮಿಟ್ ಕಾರ್ಡು ಅಂಚೆಯಲ್ಲಿ ಬಂದ ವಾರವೇ ಭಾನು ಮಿಸೆಸ್ ಯೂನ್ ಅವರ ಅಂಗಡಿಗೆ ಹೋಗಿ ಕೆಲಸ ಕೇಳಿದಳು. ಆಕೆ ಒಂದು ಪ್ಯಾಂಟು ಕೊಟ್ಟು ಕೆಳಗಿನ ಅಂಚು ಹೊಲಿಯಲು ಹೇಳಿದರು. ಹೊಲಿದದ್ದನ್ನು ತಿರುವಿ, ಒಳಮೈಯನ್ನು ಮಾತ್ರ ನೋಡಿ, ನಾಳೆಯಿಂದ ಬಾ ಎಂದರು.

ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲು ಕೈಸನ್ನೆಯಲ್ಲಿ ಮಾತು ನಡೆಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಭಾನುವಿಗೆ ಕೊರಿಯನ್ ಅರ್ಥವಾಗುತ್ತಿತ್ತು, ತಪ್ಪುತಪ್ಪಾಗಿ ಆಡಲೂ ಬರುತ್ತಿತ್ತು. ಮಿಸೆಸ್ ಯೂನ್ ಕೊರಿಯನ್ನಿನಲ್ಲಿ ಬೈದರೆ ಇವಳು ಗದುಗಿನ ಕನ್ನಡದಲ್ಲಿ ತಿರುಗಿ ಬೈಯುತ್ತಿದ್ದಳು. ಹೀಗೆ ಇಬ್ಬರಿಗೂ ಹೊಂದಿಕೆಯಾಯಿತು.

ವರ್ಷಾ ಅಷ್ಟರಲ್ಲಿ ಡಾಕ್ಟರ್ ಸುಶಾಂತನನ್ನು ಮದುವೆಯಾಗಿ ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ಗೆ ಬಂದಿದ್ದಳು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು. ಮೂರು ವರ್ಷದ ಹಿಂದೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಳು. ಭಾನು ಆ ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿದು, ಗೃಹಪ್ರವೇಶಕ್ಕೆ ಎರಡು ದಿನ ಮೊದಲೇ ಕಾರಿನಲ್ಲಿ ಹಾಕಿಕೊಂಡು ಹೋದಳು.

ಗೃಹಪ್ರವೇಶಕ್ಕೆ ಐವತ್ತು ಜನ ಬಂದಿದ್ದರು. ಪರದೆ ನೋಡಿದವರೊಬ್ಬರು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಅಕ್ಕ ಶಿಕಾಗೋದಲ್ಲಿ ಡಿಸೈನರು, ಅವಳದೇ ಬೂಟೀಕ್ ಇದೆ ಎಂದು ವರ್ಷಾ ಹೇಳಿದಳು. ಭಾನು ಪಾಯಸದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಪರದೆಯ ಬಗ್ಗೆ ಕೇಳಿದಾಕೆ ಅಂಗಡಿಯ ಕಾರ್ಡು ಕೊಡಿ ಎಂದಾಗ, ಮುಗಿದುಹೋಗಿವೆ ಎಂದು ಭಾನುವೇ ಹೇಳಿಬಿಟ್ಟಳು. ತಂಗಿಗಾಗಿ ಆ ಸುಳ್ಳು ಆಡಿದ್ದು ಅವಳಿಗೆ ಭಾರವೆನಿಸಲಿಲ್ಲ. ಭಾರವಾದದ್ದು ಅದಾದ ಮೇಲೆ.

ಭಾನುವಿನ ಎಡಗೈ ತೋರುಬೆರಳಿನ ಉಗುರು ಸೀಳಿದೆ. ಹದಿನೆಂಟರಲ್ಲಿ ಮಷೀನಿನ ಸೂಜಿ ಅದರೊಳಗೆ ಇಳಿದಿತ್ತು, ಆಮೇಲೆ ಅದು ನೆಟ್ಟಗೆ ಬೆಳೆಯಲೇ ಇಲ್ಲ. ಬೆರಳ ತುದಿಗಳ ಬಿರುಕಿನಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಸೇರಿಕೊಂಡಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಫೋಟೋಕ್ಕೆ ಎಲ್ಲರೂ ನಿಂತಾಗ ವರ್ಷಾ ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಅಕ್ಕಾ, ಫೋಟೋದಾಗ ಕೈ ಕಾಣಬಾರದು. ಹಿಂದ ಇಟ್ಕೊ."

ಭಾನು ಕೈ ಹಿಂದಕ್ಕೆ ಇಟ್ಟುಕೊಂಡಳು. ಫೋಟೋ ಆಯಿತು. ಐವತ್ತು ಜನಕ್ಕೆ ಹೋಳಿಗೆ ಬಡಿಸಿದಳು, ಪಾತ್ರೆ ತೊಳೆಸಿದಳು, ಮರುದಿನ ಶಿಕಾಗೋಕ್ಕೆ ವಾಪಸು ಹೊರಟಳು. ಈರೇಶನಿಗೂ ಹೇಳಲಿಲ್ಲ. ಅಲ್ಲಿಂದ ಮುಂದೆ ಅಕ್ಕತಂಗಿಯರ ಫೋನು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಇಳಿಯಿತು. ಆರಾಮಿದ್ದೀಯಾ ಎಂದು ಒಬ್ಬಳು ಕೇಳಿದರೆ ಇನ್ನೊಬ್ಬಳು ಆರಾಮು ಎನ್ನುವಳು, ಅಷ್ಟೆ.

ಮಿಸೆಸ್ ಯೂನ್ ಅವರ ಮಗಳು ಹೇವೊನ್ ಶಿಕಾಗೋದಲ್ಲಿ ಸಿನಿಮಾ ಓದುತ್ತಿದ್ದಳು. ಓದಿನ ಕೊನೆಗೆ ಒಂದು ಕಿರುಚಿತ್ರ ಮಾಡಬೇಕಿತ್ತು. ಅವಳು ಆರಿಸಿಕೊಂಡದ್ದು ತನ್ನ ತಾಯಿಯ ಕಥೆಯನ್ನೇ. ಮಿಸೆಸ್ ಯೂನ್ ಹೊಲಿದು ತಂಗಿಯನ್ನು ಓದಿಸಿದವರು. ಆ ತಂಗಿ ಈಗ ಕೊರಿಯಾದ ಸಿಯೋಲ್ ನಗರದಲ್ಲಿ ದೊಡ್ಡ ಮನೆಯವಳು, ಇಬ್ಬರಿಗೂ ಮಾತಿಲ್ಲ. ಯಾಕೆ ಎಂದು ಮಗಳು ಎಷ್ಟು ಕೇಳಿದರೂ ಮಿಸೆಸ್ ಯೂನ್ ಬಾಯಿ ಬಿಡಲಿಲ್ಲ. ಭಾನುವಾರ ನಾನು ಚರ್ಚಿಗೆ ಹೋದಾಗ ಅಂಗಡಿಯಲ್ಲಿ ಶೂಟಿಂಗ್ ಮಾಡಿಕೋ, ನನ್ನನ್ನು ಏನೂ ಕೇಳಬೇಡ ಎಂದಷ್ಟೇ ಒಪ್ಪಿದರು.

ಅಕ್ಕನ ಪಾತ್ರ ಮಾಡುವ ನಟಿಗೆ ಹೊಲಿಗೆ ಬರುತ್ತಿರಲಿಲ್ಲ. ಮಷೀನು ಓಡುವ ದೃಶ್ಯಗಳಲ್ಲಿ ನಿಮ್ಮ ಕೈ ತೋರಿಸಲೇ ಎಂದು ಹೇವೊನ್ ಭಾನುವನ್ನು ಕೇಳಿದಳು. ಭಾನು ಒಪ್ಪಿದಳು. ಮೂರು ಭಾನುವಾರ ಹೋಗಿ, ನಟಿಯ ಬಟ್ಟೆಯ ತೋಳು ತೊಟ್ಟು, ಕ್ಯಾಮೆರಾದ ಮುಂದೆ ರೇಷ್ಮೆ ಹೊಲಿದಳು. ಎರಡನೆಯ ವಾರ ಊಟದ ಹೊತ್ತಿನಲ್ಲಿ ಹೇವೊನ್ ತಲೆ ಕೆಡಿಸಿಕೊಂಡು ಕೂತಿದ್ದಳು. ಅಕ್ಕತಂಗಿ ತಾಯಿಯ ವರ್ಷಾಬ್ದಿಕಕ್ಕೆ ಅಡುಗೆ ಮಾಡುತ್ತಾರೆ, ಜಗಳವಾಗುತ್ತದೆ. ಆದರೆ ತಂಗಿ ಏನು ಅಂದಳು ಎಂಬುದೇ ಹೊಳೆಯುತ್ತಿಲ್ಲ, ಬರೆದದ್ದೆಲ್ಲ ನಾಟಕದ ಹಾಗಿದೆ ಎಂದಳು. ಆಮೇಲೆ, ನಿಮಗೆ ತಂಗಿ ಇದ್ದಾಳೆಯೇ ಎಂದು ಕೇಳಿದಳು.

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಭಾನು ಅರ್ಧ ಕೊರಿಯನ್ನಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಇದನ್ನು ಸಿನಿಮಾಕ್ಕೆ ತೆಗೆದುಕೊಳ್ಳಲೇ ಎಂದು ಹೇವೊನ್ ಕೇಳಿದಳು. ತಗೋ ಎಂದಳು ಭಾನು. ಮರುವಾರವೇ ಆ ದೃಶ್ಯದ ಶೂಟಿಂಗ್ ಆಯಿತು.

ಮನೆಯಲ್ಲಿ ಈ ಸಂಗತಿಯನ್ನು ಹಗುರವಾಗಿ ಹೇಳಿದಾಗ, ಹನ್ನೆರಡು ವರ್ಷದ ಇಳಾ ಹೋಂವರ್ಕಿನಿಂದ ತಲೆ ಎತ್ತಿ, "ಡಿಡ್ ಯು ಆಸ್ಕ್ ವರ್ಷಾ ಮೌಶಿ?" ಎಂದಳು.

ಕೇಳಿರಲಿಲ್ಲ. ಭಾನುವಿಗೆ ಆ ಪ್ರಶ್ನೆ ಒಳಗೆ ಚುಚ್ಚಿತು. ಅವತ್ತು ವರ್ಷಾ ತನ್ನ ಬಗ್ಗೆ ಆಡಿದ್ದು ತಪ್ಪಾದರೆ, ತಂಗಿಯ ಗುಟ್ಟನ್ನು ತಾನು ಹೊರಗಿನವರಿಗೆ ಕೊಟ್ಟದ್ದು ಸರಿಯೇ? ಎರಡು ದಿನ ಬಿಟ್ಟು ಹೇವೊನ್‌ಳಿಗೆ ಫೋನ್ ಮಾಡಿ, ಆ ಮಾತು ತೆಗೆಯಲು ಆಗುತ್ತದೆಯೇ ಎಂದು ವಿಚಾರಿಸಿದಳು. ಸಿನಿಮಾ ನಿಂತಿರುವುದೇ ಅದರ ಮೇಲೆ, ಆದರೂ ನೀವು ತೆಗೆ ಅಂದರೆ ತೆಗೆಯುತ್ತೇನೆ ಎಂದಳು ಹುಡುಗಿ. ಭಾನು ಒಂದು ವಾರ ಯೋಚಿಸಿದಳು. ಕೊನೆಗೆ, ಮಾತು ಇರಲಿ, ವರ್ಷಾಳಿಗೆ ನಾನೇ ಹೇಳುತ್ತೇನೆ ಎಂದು ನಿಶ್ಚಯಿಸಿದಳು.

ನಿಶ್ಚಯಿಸಿದ್ದೇನೋ ಹೌದು, ಹೇಳಲು ಎಂಟು ತಿಂಗಳು ಹಿಡಿಯಿತು. ಒಮ್ಮೆ ಫೋನ್ ಮಾಡಿದಾಗ ವರ್ಷಾ ಮೀಟಿಂಗಿನಲ್ಲಿದ್ದಳು. ಇನ್ನೊಮ್ಮೆ ಅವಳ ಧ್ವನಿ ಕೇಳಿದೊಡನೆ ಇವಳು ಇಳಾಳ ಶಾಲೆಯ ಮಾತೆತ್ತಿ ಫೋನ್ ಇಟ್ಟಳು. ಅಷ್ಟರಲ್ಲಿ ಹೇವೊನ್‌ಳ ಚಿತ್ರ ಮುಗಿಯಿತು. ನವೆಂಬರಿನಲ್ಲಿ ಡೆಟ್ರಾಯ್ಟ್ ಹತ್ತಿರದ ಒಂದು ಕಾಲೇಜಿನಲ್ಲಿ ಅದನ್ನು ತೋರಿಸುತ್ತಾರೆಂದು ಸುದ್ದಿ ಬಂತು. ಆ ಕಾಲೇಜು ರಾಚೆಸ್ಟರ್ ಹಿಲ್ಸ್‌ನಿಂದ ಹೆದ್ದಾರಿಯಲ್ಲಿ ಎರಡೇ ಎಕ್ಸಿಟ್ ದೂರ. ಭಾನು ಅಂದೇ ಫೋನ್ ಮಾಡಿದಳು. ಆಗ ನಾನು ಅವಳ ಅಡುಗೆಮನೆಯಲ್ಲಿದ್ದೆ. ಎದ್ದು ಹೋಗಲು ನೋಡಿದರೆ, ಕೂತಿರಿ ಎಂದು ಕೈ ಮಾಡಿದಳು.

"ವರ್ಷಾ, ಗೃಹಪ್ರವೇಶದ ದಿನ ಫೋಟೋಕ್ಕ ನಿಂತಾಗ ನೀ ನನಗ ಒಂದ ಮಾತಂದಿದ್ದಿ. ಅದನ್ನ ನಾ ಒಂದು ಕೊರಿಯನ್ ಪಿಚ್ಚರಿಗೆ ಕೊಟ್ಟೀನಿ. ನಿನ್ನ ಕೇಳಲಿಲ್ಲ, ಅದು ನಂದ ತಪ್ಪು. ಶನಿವಾರ ನಿಮ್ಮೂರ ಹತ್ರನ ತೋರಸ್ತಾರ. ಬಂದು ನೋಡು, ಆಮ್ಯಾಲ ಬೈ."

ಬರೋದಿಲ್ಲ ಎಂದು ಹೇಳಿ ವರ್ಷಾ ಫೋನ್ ಇಟ್ಟಳು. ಭಾನು ಕುದಿಯುತ್ತಿದ್ದ ಸಾರಿನ ಉರಿ ಸಣ್ಣಗೆ ಮಾಡಿ, ನಾನಂತೂ ಹೋಗೋಳು ಎಂದಳು.

ಈರೇಶನಿಗೆ ಆ ವಾರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಮಾಡುವ ಗಡಿಬಿಡಿ ಇತ್ತು. ಮುನ್ನೂರು ಮೈಲಿ ಅವಳೊಬ್ಬಳೇ ಡ್ರೈವ್ ಮಾಡುವುದು ಬೇಡವೆಂದು ನನ್ನನ್ನು ಜೊತೆಗೆ ಕಳಿಸಿದ. ನಾನು ಜೊತೆಗಿದ್ದೆ ಅಷ್ಟೆ, ಓಡಿಸಿದ್ದು ಅವಳೇ. ಇಂಡಿಯಾನಾ ದಾಟುವಾಗ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸಿ ರಸ್ತೆಯ ಗೆರೆ ಕಾಣದಾಯಿತು. ಲಾರಿಗಳೂ ಬದಿಗೆ ನಿಂತಿದ್ದವು. ನಾನು ರೆಸ್ಟ್ ಏರಿಯಾದಲ್ಲಿ ನಿಲ್ಲಿಸೋಣ ಎಂದು ಎರಡು ಸಲ ಹೇಳಿದೆ. ಅವಳು ನಲವತ್ತು ಮೈಲಿ ವೇಗಕ್ಕೆ ಇಳಿದು, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಓಡಿಸಿದಳು. ಮಿಷಿಗನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದನ್ನೂ ಲೆಕ್ಕ ಹಾಕಿಯೇ ಹೊರಟಿದ್ದಳು. ಮೂರು ಗಂಟೆಯ ಪ್ರದರ್ಶನಕ್ಕೆ ಹತ್ತು ನಿಮಿಷವಿದ್ದಾಗ ಹಾಲ್ ತಲುಪಿದೆವು.

ಎಂಬತ್ತು ಜನ ಇದ್ದಿರಬಹುದು. ಹೆಚ್ಚಿನವರು ಕೊರಿಯನ್ನರು, ಮಿಕ್ಕವರು ವಿದ್ಯಾರ್ಥಿಗಳು. ದೀಪ ಆರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ವರ್ಷಾ ಬಂದು ಕೂತದ್ದನ್ನು ನಾನು ನೋಡಿದೆ. ಭಾನುವಿಗೆ ಹೇಳಿದೆ. ಅವಳು ತಿರುಗಲಿಲ್ಲ.

ಹದಿನೇಳು ನಿಮಿಷದ ಸಿನಿಮಾ. ಒಂದು ಇಕ್ಕಟ್ಟಾದ ಅಡುಗೆಮನೆ, ನಲವತ್ತು ದಾಟಿದ ಇಬ್ಬರು ಹೆಂಗಸರು. ತಾಯಿಯ ಎಡೆಗೆ ಮೀನು ಕರಿಯುತ್ತ, ಹಣ್ಣು ಸುಲಿಯುತ್ತ ಮೊದಲು ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಶುರುಮಾಡಿ, ನಿಧಾನಕ್ಕೆ ಹಳೆಯದಕ್ಕೆ ಬರುತ್ತಾರೆ. ನಡುನಡುವೆ ಅಕ್ಕನ ಹೊಲಿಯುವ ಕೈಗಳು. ಅಷ್ಟು ದೊಡ್ಡ ಪರದೆಯಲ್ಲಿ ಆ ಸೀಳಿದ ಉಗುರು, ನೀಲಿ ಬಿರುಕು, ರೇಷ್ಮೆಯನ್ನು ಒಂದು ಎಳೆಯೂ ಜಗ್ಗದಂತೆ ನಡೆಸುವ ಬೆರಳುಗಳು. ದಿನವೂ ಕಂಡ ಕೈಗಳೇ. ನಾನು ಸರಿಯಾಗಿ ನೋಡಿದ್ದು ಅವತ್ತು. ಆಮೇಲೆ ನೆಂಟರೆಲ್ಲ ಫೋಟೋಕ್ಕೆ ನಿಲ್ಲುತ್ತಾರೆ. ತಂಗಿ ಅಕ್ಕನ ಕಡೆ ಬಾಗಿ, "ಒನ್ನಿ" ಎನ್ನುತ್ತಾಳೆ. ಕೊರಿಯನ್ನಿನಲ್ಲಿ ಅಕ್ಕ ಎಂದು. ಮುಂದಿನ ಮಾತು, ಕೈ ಹಿಂದೆ ಇಟ್ಟುಕೋ ಎಂಬುದು, ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಬಂತು. ಅಕ್ಕ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಾಳೆ.

ಮುಗಿದ ಮೇಲೆ ಹೇವೊನ್ ವೇದಿಕೆಗೆ ಬಂದಳು. ನಟಿ ಇಷ್ಟು ಚೆನ್ನಾಗಿ ಹೊಲಿಯಲು ಎಲ್ಲಿ ಕಲಿತಳು ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಆ ಕೈ ನಟಿಯದಲ್ಲ, ಇಲ್ಲಿ ಕೂತಿರುವ ನನ್ನ ಗೆಳತಿಯದು ಎಂದು ಹೇವೊನ್ ಭಾನುವನ್ನು ತೋರಿಸಿದಳು. ಜನ ತಿರುಗಿ ನೋಡಿದರು. ಭಾನು ಎದ್ದು ನಿಂತಳು. ನಿಮ್ಮ ಕೆಲಸವೇನು ಎಂದು ಆ ಹುಡುಗ ಕೇಳಿದಾಗ, ಹಿಂದಿನ ಸಾಲಿಗೂ ಕೇಳಿಸುವಂತೆ ಹೇಳಿದಳು: "ಐ ಆಮ್ ಎ ಟೇಲರ್."

ಚಪ್ಪಾಳೆಯ ನಡುವೆ ವರ್ಷಾ ಎದ್ದು ಹೊರಗೆ ಹೋದಳು. ಭಾನು ಕೋಟನ್ನೂ ಹಾಕಿಕೊಳ್ಳದೆ ಹಿಂದೆಯೇ ನಡೆದಳು. ನಾನು ಅವಳ ಕೋಟು ಹಿಡಿದು ಹೋದೆ. ಪಾರ್ಕಿಂಗಿನಲ್ಲಿ ವರ್ಷಾ ತನ್ನ ಕಾರಿಗೆ ಒರಗಿ ನಿಂತಿದ್ದಳು.

"ಆ ಪಿಚ್ಚರಿನ್ಯಾಗ ಅಕ್ಕ ಅಳ್ತಾಳ," ಎಂದಳು. "ನೀ ಅತ್ತಿದ್ದೇನ ಅವತ್ತು?"

"ಇಲ್ಲ. ಅದು ಹೇವೊನ್ ಹಾಕಿದ್ದು. ನನಗ ಅಳಾಕ ಪುರಸೊತ್ತ ಎಲ್ಲಿತ್ತು? ಐವತ್ತ ಮಂದಿಗೆ ಬಡಿಸೋದಿತ್ತು."

ವರ್ಷಾಳ ತುಟಿ ನಗುವಿಗೆ ಹೊರಳಿ ನಿಂತಿತು. "ನಾ ಅಂದದ್ದು ತಪ್ಪು. ಅಂದ ದಿನಾನ ಗೊತ್ತಿತ್ತು. ಆದರ ನಂದೂ ಕೇಳು. ನಾ ರ‍್ಯಾಂಕ್ ಬಂದಾಗ ಮಂದಿ ಏನಂದ್ರು? ಅಕ್ಕ ಜಂಪರ್ ಹೊಲದು ಓದಿಸಿದ್ಲು. ನೌಕರಿ ಸಿಕ್ಕಾಗ, ಅಕ್ಕನ ಪುಣ್ಯಾ. ಈ ಮನಿ ಕಟ್ಟಿದಾಗ ಅವ್ವ ಮತ್ತ ಅದನ್ನ ಅಂದ್ಲು. ನಾ ಓದಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ ಅಕ್ಕಾ. ನಿನ್ನ ಕೈ ನೋಡಿದ್ರ ನನಗ ನಾಚಿಕಿ ಅಲ್ಲ, ಋಣ ನೆನಪಾಗತಿತ್ತು."

"ನಾಚಿಕೀನೂ ಆಗಿತ್ತು," ಎಂದಳು ಭಾನು.

ವರ್ಷಾ ನೆಲ ನೋಡಿದಳು. "ಹೂಂ. ನಾಚಿಕೀನೂ ಆಗಿತ್ತು."

ಭಾನು ನನ್ನ ಕೈಯಿಂದ ಕೋಟು ತೆಗೆದುಕೊಂಡು ಹಾಕಿಕೊಂಡಳು. ಒಂದೊಂದೇ ಗುಂಡಿ ಹಾಕಿದಳು. ಮುಂದೆ ಅವಳು ಆಡಿದ್ದು ಜೀವನದಲ್ಲಿ ಆಡಿದ ಅತ್ಯಂತ ಕಷ್ಟದ ಮಾತು ಎಂದು ನನಗೆ ಆಮೇಲೆ ಹೇಳಿದಳು.

"ಅವ್ವ ಹಂಗ ಅನ್ನುವಾಗೆಲ್ಲಾ ನಾ ಸುಮ್ಮನ ಕುಂತಿರ್ತಿದ್ದೆ. ಒಂದ ಸಲಾನೂ ಬ್ಯಾಡ ಅನ್ನಲಿಲ್ಲ. ಕೇಳಾಕ ನನಗ ಹಿತಾ ಅನ್ನಸ್ತಿತ್ತು."

ಇಬ್ಬರೂ ತಬ್ಬಿಕೊಳ್ಳಲಿಲ್ಲ. ಊಟ ಮಾಡಿ ಹೋಗಿರೆಂದು ವರ್ಷಾ ನಮ್ಮಿಬ್ಬರನ್ನೂ ಕರೆದಳು. ಹೋದೆವು. ಕಾಳುಪಲ್ಯ, ಅನ್ನ, ನಿನ್ನೆಯ ಸಾರು. ಸುಶಾಂತ ಹಿಮದ ಬಗ್ಗೆ, ರಸ್ತೆಯ ಬಗ್ಗೆ ಮಾತಾಡಿ ಊಟ ದಾಟಿಸಿದ.

ಅಂಗಡಿಯಲ್ಲಿ ಮಿಸೆಸ್ ಯೂನ್ ಆ ಸಿನಿಮಾವನ್ನು ಮಗಳ ಫೋನಿನಲ್ಲಿ ನೋಡಿದರಂತೆ. ನೋಡಿ, ನನ್ನ ತಂಗಿ ಅಂದದ್ದು ಇದಕ್ಕಿಂತ ಕೆಟ್ಟದ್ದು ಎಂದು ಹೇಳಿ ಮಷೀನು ತುಳಿಯತೊಡಗಿದರಂತೆ. ಏನಂದಳೆಂದು ಅವರು ಇವತ್ತಿನವರೆಗೂ ಹೇಳಿಲ್ಲ.

ಒಂದು ತಿಂಗಳು ವರ್ಷಾಳ ಫೋನಿಲ್ಲ. ಭಾನು ಕಾಯುತ್ತ ಕೂರಲಿಲ್ಲ. ಡಿಸೆಂಬರಿನ ಒಂದು ಭಾನುವಾರ ಗದಗಿನಲ್ಲಿದ್ದ ಅವ್ವ ಗಂಗವ್ವನಿಗೂ ವರ್ಷಾಳಿಗೂ ತಾನೇ ವೀಡಿಯೋ ಕಾಲ್ ಜೋಡಿಸಿದಳು. ವರ್ಷಾಳಿಗೆ ಕಂಪನಿಯಲ್ಲಿ ಬಡ್ತಿ ಸಿಕ್ಕಿತ್ತು. ಗಂಗವ್ವ ಅದನ್ನು ಕೇಳಿ, ಎಲ್ಲಾ ನಿಮ್ಮಕ್ಕ ಜಂಪರ್ ಹೊಲಿದ ಫಲ ಎಂದು ಎಂದಿನಂತೆ ಶುರುಮಾಡಿದರು. ಭಾನು ನಡುವೆಯೇ ತಡೆದಳು.

"ಅವ್ವಾ, ನಾ ಹೊಲಿದದ್ದು ಹೊಟ್ಟಿಪಾಡಿಗೆ. ಓದಿದಾಕಿ ಅಕಿ. ಕರೆಂಟ್ ಇಲ್ಲದಾಗ ಬಸ್‌ಸ್ಟ್ಯಾಂಡಿನ ದೀಪಕ್ಕ ಕುಂತು ಓದಿದ್ಲು, ನೀನ ಊಟಾ ಕಟ್ಟಿ ಕಳಸ್ತಿದ್ದಿ. ಅದನ್ನೂ ಮಂದಿಗೆ ಹೇಳು."

ಗಂಗವ್ವನಿಗೆ ಕೋಪ ಬಂತು. ನಾ ಏನು ಸುಳ್ಳು ಹೇಳಿದೆ ಎಂದು ಮುಖ ತಿರುಗಿಸಿದರು. ಮುಂದಿನ ಭಾನುವಾರವೂ ಅದೇ ಮಾತು ತೆಗೆದರು, ಭಾನು ಮತ್ತೆ ತಡೆದಳು. ಮೂರನೆಯ ಭಾನುವಾರ ಕಾಲ್ ಮಾಡಿದವಳು ವರ್ಷಾ.

ಈ ವರ್ಷ ಮಾರ್ಚಿನಲ್ಲಿ ಮಿಸೆಸ್ ಯೂನ್ ಅಂಗಡಿಯನ್ನು ನೀನು ನಡೆಸು, ನನ್ನ ಮೊಣಕಾಲಿಗೆ ಸಾಕಾಗಿದೆ ಎಂದು ಭಾನುವಿಗೆ ಹೇಳಿದರು. ಈರೇಶ ಹಿಂದೆಮುಂದೆ ನೋಡಿದ. ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ, ಅದು ಬರಲಿ ಎಂದ. ಅದು ಬರುವಷ್ಟರಲ್ಲಿ ತನಗೆ ಅರವತ್ತಾಗುತ್ತದೆ ಎಂದಳು ಭಾನು. ಕಟ್ಟಡದವರು ಮೂವತ್ತು ಪುಟದ ಲೀಸ್ ಕಳಿಸಿದರು. ಭಾನು ಅದನ್ನು ತಂಗಿಗೆ ಕಳಿಸಿ, ಓದಿ ಹೇಳು ಎಂದಳು.

ವರ್ಷಾ ಓದಿ ಹೇಳಲಿಲ್ಲ, ಶನಿವಾರ ಅಂಗಡಿಗೇ ಬಂದಳು. ಪ್ರತಿ ಪುಟದಲ್ಲೂ ಗೆರೆ ಎಳೆದಿದ್ದಳು. ಅರವತ್ತು ದಿನದ ನೋಟಿಸು ಕೊಟ್ಟು ಯಾವಾಗ ಬೇಕಾದರೂ ಖಾಲಿ ಮಾಡಿಸಬಹುದೆಂಬ ಒಂದು ಸಾಲು ಒಳಗೆ ಅಡಗಿತ್ತು. ಈ ಜಾಗವೇ ಬೇಡ, ಶಾಮ್‌ಬರ್ಗಿನ ಮಾಲ್ ಹತ್ತಿರ ನೋಡು ಎಂದು ವರ್ಷಾ. ಪೈಲಟ್‌ಗಳು ಬರೋದು ಇಲ್ಲಿಗೆ, ನಾನು ಒಂದು ಹೆಜ್ಜೆ ಕದಲುವುದಿಲ್ಲ ಎಂದು ಭಾನು. ಮಷೀನುಗಳ ನಡುವೆ ಒಂದು ಗಂಟೆ ಜಗಳವಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಗಂಟಲು ಬಿಟ್ಟು ಆಡಿದ ಜಗಳ ಅದು. ಮಿಸೆಸ್ ಯೂನ್ ಮೂಲೆಯಲ್ಲಿ ಕೂತು, ಒಂದು ಪದವೂ ತಿಳಿಯದಿದ್ದರೂ ಕೇಳುತ್ತ, ಬಾರ್ಲಿ ಚಹಾ ಮಾಡಿಕೊಟ್ಟರಂತೆ.

ಕೊನೆಗೆ ಜಾಗದಲ್ಲಿ ಭಾನು ಗೆದ್ದಳು, ಕಾಗದದಲ್ಲಿ ವರ್ಷಾ. ಎಲ್ಲರೂ ಇದ್ದದ್ದಿದ್ದ ಹಾಗೇ ಸೈನ್ ಮಾಡುತ್ತಾರೆ ಎಂದ ಕಟ್ಟಡದವರ ಏಜೆಂಟನಿಗೆ ಭಾನು, ಹಾಗಾದರೆ ನಾನು ಮಾಡುವುದಿಲ್ಲ ಎಂದಳು. ಮೂರು ವಾರ ಪಟ್ಟು ಬಿಡಲಿಲ್ಲ. ಅಂಗಡಿ ಖಾಲಿ ಬೀಳುವ ದಿನ ಹತ್ತಿರ ಬಂದಾಗ ಕಟ್ಟಡದವರು ಆ ಅರವತ್ತು ದಿನವನ್ನು ಒಂದು ವರ್ಷಕ್ಕೆ ತಿದ್ದಿದರು.

ವರ್ಷಾ ತನ್ನ ಊರಿನ ಗೆಳತಿಯರಿಗೆ ಅಕ್ಕನ ಬಗ್ಗೆ ಈಗ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಭಾನುವನ್ನು ಕೇಳಿದರೆ, ಏನರ ಹೇಳಲಿ ಬಿಡ್ರಿ, ದಿನಾ ಫೋನ್ ಮಾಡ್ತಾಳ ಎನ್ನುತ್ತಾಳೆ.

ಜೂನ್ ಎರಡನೆಯ ಸೋಮವಾರ ಎಂಟು ಗಂಟೆಗೆ ಭಾನು ತನ್ನ ಹೆಸರಿನ ಅಂಗಡಿಯ ಬಾಗಿಲು ತೆಗೆದಳು. ಪೂಜೆಗೆಂದು ಹೂವು ಹಿಡಿದು ನಾನು ಹೋಗುವಷ್ಟರಲ್ಲಿ ಒಬ್ಬ ಪೈಲಟ್ ಕೌಂಟರಿನಲ್ಲಿ ನಿಂತಿದ್ದ. ಕ್ಯಾಪ್ಟನ್ ಆಗಿ ಬಡ್ತಿ ಸಿಕ್ಕಿದೆ, ಎರಡೂ ತೋಳಿಗೆ ನಾಲ್ಕನೆಯ ಪಟ್ಟಿ ಹೊಲಿಯಬೇಕು, ಹನ್ನೊಂದಕ್ಕೆ ಫ್ಲೈಟ್ ಎಂದ. ಭಾನು ಹೂವನ್ನು ಪಕ್ಕಕ್ಕಿಡಲು ನನಗೆ ಹೇಳಿ, ಕೋಟಿನ ತೋಳು ತಿರುವಿ ಒಳಗಿನ ಹೊಲಿಗೆ ಬಿಚ್ಚತೊಡಗಿದಳು. ಒಂಬತ್ತು ಹೊಡೆಯುವ ಮೊದಲೇ ಅವನು ಕೋಟು ತೊಟ್ಟು ಹೊರಟಿದ್ದ. ಪೂಜೆ ಆಮೇಲೆ ಮಾಡಿದೆವು.